ಅಕ್ಬರಬಿ ಎಂಬ ಆಜ್ಞೆ

ಕೆಂಪು ಗುಂಡಿ ಸತ್ತಿದೆ ಎಂಬುದು ಬಾಷಾನೊಬ್ಬನಿಗೇ ಗೊತ್ತಿತ್ತು. ಮುಂಬಯಿಯ ಬೈಕುಲ್ಲಾದ ಚಾಳಿನ ಗ್ಯಾಲರಿಯಲ್ಲಿ, ಪಕ್ಕದ ಖೋಲಿಯವರು ಒಣಹಾಕಿದ ಪಾಯಿಜಾಮಗಳ ನಡುವೆ ಕನ್ನಡಿ ಸಿಕ್ಕಿಸಿಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದವನು ಅದನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡ: ಗುಂಡಿ ಸತ್ತಿದೆ, ಕೊಂದವನು ನಾನು. ನೋಡುವವರಿಗೆ ಗುಂಡಿ ಜೀವಂತವೇ. ಮಾಲಾಡಿನ ಕಾರಖಾನೆಯಲ್ಲಿ, ಬಾಟ್ಲಿಗಳಿಗೆ ಗುಲಾಬಿ ಶರಬತ್ತು ತುಂಬುವ ಹೊಸ ಯಂತ್ರದ ಮಗ್ಗುಲಿಗೆ, ಮೂಗುತಿಯ ಹರಳಿನ ಹಾಗೆ ಥಳಥಳ ಹೊಳೆಯುತ್ತ ಕೂತಿತ್ತು. ಏನಾದರೂ ಎಡವಟ್ಟಾದರೆ ಅದನ್ನೊತ್ತಬೇಕು. ಒತ್ತಿದ ಕೂಡಲೇ ಎಲ್ಲವೂ ನಿಲ್ಲಬೇಕು. ಇವತ್ತು ಯಾರಾದರೂ ಒತ್ತಿದರೆ ಬೆರಳಿಗೆ ವ್ಯಾಯಾಮವಾಗುತ್ತದೆ, ಅಷ್ಟೆ. ಒಳಗೆ ಅತ್ತೆ ಅಕ್ಬರಬಿ ಟ್ರಂಕಿನ ಮುಚ್ಚಳವನ್ನು ಧಡ್ಡನೆ ಹಾಕಿದಳು. ಈದಿಗೆ ಮಾತ್ರ ಹೊರಬರುವ ಅತ್ತರಿನ ಶೀಶೆ ಸಿಕ್ಕಿತ್ತೆಂದು ಕಾಣುತ್ತದೆ, ಗ್ಯಾಲರಿಯವರೆಗೂ ಘಮ ಬಂತು. ಇವತ್ತು ಯಂತ್ರದ ಉದ್ಘಾಟನೆ. ಮನೆಮಂದಿಯನ್ನೆಲ್ಲ ಕರೆದುಕೊಂಡು ಬರಬೇಕೆಂದು ಕಾರಖಾನೆಯ ಸೇಠನೇ ಹೇಳಿ ಕಳಿಸಿದ್ದ. ಬಾಷಾ ಈ ಮಾತನ್ನು ಮನೆಯಲ್ಲಿ ಹೇಳದೆ ನುಂಗಿಬಿಡಬಹುದಿತ್ತು. ಆದರೆ ಹೆಂಡತಿ ಗೌಹರಳ ಮುಂದೆ ಒಂದು ಸಲ ದೊಡ್ಡವನಾಗುವ ಆಸೆಯಲ್ಲಿ ಹೇಳಿಬಿಟ್ಟಿದ್ದ. ಹೇಳಿದ ಮಾರನೆಯ ದಿನ ಗುಂಡಿಯನ್ನು ಕೊಂದಿದ್ದ.

ಅಕ್ಬರಬಿ ಬರೀ ಅತ್ತೆಯಲ್ಲ, ಬಾಷಾನ ತಾಯಿಯ ಅಕ್ಕ. ಹಾಗಾಗಿ ಮದುವೆಗೆ ಮೊದಲೂ ನಂತರವೂ ಅವಳು ಅವನಿಗೆ ಖಾಲಾ. ವಿಜಾಪುರದಲ್ಲಿ ಇವನನ್ನು ಎತ್ತಿ ಆಡಿಸಿದವಳು, ಮುಂಬಯಿಗೆ ಬಂದ ಹೊಸದರಲ್ಲಿ ಇದೇ ಖೋಲಿಯ ಮೂಲೆಯಲ್ಲಿ ಚಾಪೆ ಹಾಸಿಕೊಟ್ಟವಳು, ಕೊನೆಗೆ ಮಗಳನ್ನೇ ಕೊಟ್ಟವಳು. ಇಷ್ಟೆಲ್ಲ ಉಪಕಾರಕ್ಕೆ ಅವನು ಮಾಡಿದ ಪ್ರತ್ಯುಪಕಾರ ಮಾಲಾಡಿನ ಯಂತ್ರದೊಳಗಿತ್ತು. ಅದನ್ನು ನೆನೆದಾಗ ರೇಜರು ಗಲ್ಲದ ಮೇಲೆ ಒಂದು ಕ್ಷಣ ತಡೆಯಿತು. ಬಾಷಾ ಕೆಲಸಕ್ಕಿದ್ದ ಕಂಪನಿ ಆ ಯಂತ್ರ ನಡೆಸಲೆಂದು ತರಿಸಿದ್ದ ಕಂಪ್ಯೂಟರು ಕಪಾಟಿನಷ್ಟು ದೊಡ್ಡದು, ಬುದ್ಧಿ ಮಾತ್ರ ಲೆಕ್ಕ ಬರುವ ಗಿಳಿಯಷ್ಟು. ಅದಕ್ಕೆ ಅಂಕಿ ಬಿಟ್ಟರೆ ಬೇರೆ ಮಾತು ಬಾರದು. ಯಾವ ಅಂಕಿಗೆ ಯಾವ ವಾಲ್ವ್ ತೆರೆಯುತ್ತದೆ, ಯಾವುದಕ್ಕೆ ಮುಚ್ಚುತ್ತದೆ ಎಂದು ಹುಡುಕಿ ಹುಡುಕಿ ಬೇಸತ್ತು ಬಾಷಾ ಅದರೊಳಗೇ ಒಂದು ಪುಟ್ಟ ಭಾಷೆಯನ್ನು ಕಟ್ಟಿಬಿಟ್ಟ. ಸ್ವಂತ ಮನೆಯಿಲ್ಲದ ಭಾಷೆ. ಯಂತ್ರದ ಭಾಷೆಯ ಒಂದು ಮೂಲೆಯಲ್ಲಿ ಸಬ್ ಟೆನೆಂಟ್ ಆಗಿ ಕೂತು, ಅದರದೇ ನಲ್ಲಿ ಅದರದೇ ದೀಪ ಬಳಸಿಕೊಂಡು ಸಂಸಾರ ಮಾಡುವಂಥದು. ನೋಡು, ಬಿಡು, ಮುಚ್ಚು, ತಡಿ: ಇಂಥ ಹತ್ತಾರು ಪದ, ಇಂಗ್ಲಿಷ್ ಅಕ್ಷರದಲ್ಲಿ. ಬಾಟ್ಲಿ ಬಂತೇ ನೋಡು, ಶರಬತ್ತು ಬಿಡು, ಕುತ್ತಿಗೆ ಮುಟ್ಟುತ್ತಲೇ ಮುಚ್ಚು, ಮುಂದಿನದು ಬರುವ ತನಕ ತಡಿ. ಕಂಪನಿಯ ಚೀಫ್ ಇಂಜಿನಿಯರ್ ದಾನಪ್ಪ ಇದಕ್ಕೆ ‘ಬಾಷಾನ ಭಾಷಾ’ ಎಂದು ಹೆಸರಿಟ್ಟು, ತನ್ನ ಚಮತ್ಕಾರಕ್ಕೆ ತಾನೇ ವಾರಗಟ್ಟಲೆ ನಕ್ಕಿದ್ದ. ಎಲ್ಲವನ್ನೂ ನಿಲ್ಲಿಸುವ ಪದಕ್ಕೆ ಮಾತ್ರ ಬಾಷಾನಿಗೆ ಎಷ್ಟು ದಿನವಾದರೂ ಹೆಸರು ಹೊಳೆದಿರಲಿಲ್ಲ. ಆಮೇಲೊಂದು ಬೆಳಿಗ್ಗೆ ಚಾಳಿನ ಯಾವುದೋ ಕೂಸು ಅಂಬೆಗಾಲಿಟ್ಟು ಉರಿಯುವ ಸ್ಟೋವಿನ ಹತ್ತಿರ ಬಂದದ್ದನ್ನು ಕಂಡು ಅಕ್ಬರಬಿ ‘ಬಸ್!’ ಎಂದು ಕೂಗಿದಳು. ಕೂಸು ನಿಂತಿತು. ಗೌಹರಳ ಕೈಯ ಸೌಟು ನಿಂತಿತು. ಬಾಷಾನ ಬಾಯಿಯ ರೊಟ್ಟಿ ನಿಂತಿತು. ಗ್ಯಾಲರಿಯಲ್ಲಿ ಜಗಳವಾಡುತ್ತಿದ್ದ ನೆರೆಯ ಇಂದ್ರಾಬಾಯಿ ಬೈಗುಳದ ಅರ್ಧಕ್ಕೇ ನಿಂತಳು. ಆವತ್ತು ಆಫೀಸಿಗೆ ಹೋದವನೇ ಆ ಪದಕ್ಕೆ ಖಾಲಾನ ಹೆಸರಿಟ್ಟ. ಕಂಪ್ಯೂಟರು ಆರಕ್ಕಿಂತ ಹೆಚ್ಚು ಇಂಗ್ಲಿಷ್ ಅಕ್ಷರ ಒಪ್ಪದ್ದರಿಂದ ಎಂಟಕ್ಷರದ ಹೆಸರಿನಿಂದ ಎರಡು ಸ್ವರ ಕೊಯ್ದು AKBRBI, ಬಾಯಲ್ಲಿ ‘ಅಕ್ಬರ್ಬಿ’, ಮಾಡಬೇಕಾಯಿತು. ಹಾಗೆಂದರೇನು ಎಂದು ದಾನಪ್ಪ ಕೇಳಿದ್ದಕ್ಕೆ, ಹಳೆಯ ಅರಬ್ಬೀ ಶಬ್ದ, ಮಹಾನಿಲುಗಡೆ ಅಂತ ಅರ್ಥ ಎಂದಿದ್ದ. ದಾನಪ್ಪ ಗೌರವದಿಂದ ತಲೆಯಾಡಿಸಿದ್ದ.

‘ಏನ್ರೀ, ಗಡ್ಡಾ ತಗೀಲಿಕತ್ತೀರೋ, ಗಡ್ಡಕ್ಕ ನೀರ ಹಾಕಿ ಬೆಳಸಲಿಕತ್ತೀರೋ?’ ಎಂದು ಗೌಹರ ಒಳಗಿಂದ ಕೇಳಿದಳು. ಬಾಷಾ ರೇಜರನ್ನು ನೀರಿಗೆ ಅದ್ದಿದ. ಅವನ ಹಣೆಬರಹವೇ ಇಷ್ಟು. ಯಾರಾದರೂ ಚುಚ್ಚಿದರೆ ತಕ್ಕ ಉತ್ತರ ಹೊಳೆಯುವಾಗ ಚುಚ್ಚಿದವರು ಮನೆಗೆ ಹೋಗಿ ಉಂಡು ಮಲಗಿರುತ್ತಿದ್ದರು. ಬೇಸಿಗೆ ಶುರುವಾಗುವಾಗ ದಾನಪ್ಪ ಎಲ್ಲರೆದುರು, ‘ನಿನ್ನ ಭಾಷಾ ತಿಳಕೊಂಡು ಮಶೀನ ವಾಲ್ವ್ ಮುಚ್ಚೂದರಾಗ ಬಾಟ್ಲಿ ತುಂಬಿ ಜಳಕಾ ಮಾಡಿರ್ತದಲ್ಲೋ,’ ಎಂದಾಗಲೂ ಹಾಗೇ ಆಯಿತು. ಮಾತು ಸುಳ್ಳಲ್ಲ. ಯಂತ್ರ ಓಡುತ್ತಿರುವಾಗ ಕಂಪ್ಯೂಟರು ಪ್ರತಿ ಪದವನ್ನೂ ಓದಿ, ಹಾಗೆಂದರೇನೆಂದು ಹುಡುಕಿ, ಅರ್ಥ ಸಿಕ್ಕ ಮೇಲೆ ಕೆಲಸ ಮಾಡುತ್ತಿತ್ತು. ಅಷ್ಟರಲ್ಲಿ ಶರಬತ್ತು ಬಾಟ್ಲಿಯ ಕುತ್ತಿಗೆ ದಾಟಿ, ಬೆಲ್ಟಿಗೆ ಇಳಿದು, ನೆಲಕ್ಕೆ ಹರಿದು, ಮಾಲಾಡಿನ ಇರುವೆಗಳೆಲ್ಲ ಆ ಕಾರಖಾನೆಯನ್ನು ತಮ್ಮದೇ ಎಂದು ತಿಳಿಯುವಂತಾಗಿತ್ತು. ಇದಕ್ಕೆ ಉತ್ತರವಾಗಿ ಬಾಷಾ ಕಂಪೈಲರ್ ಬರೆದ. ಪದಗಳ ಅರ್ಥ ಹುಡುಕುವ ಗೊಡವೆಯೆಲ್ಲ ಮೊದಲೇ ಮುಗಿದುಹೋಗುತ್ತದೆ. ನೋಡು, ಬಿಡು, ಮುಚ್ಚು ಎಲ್ಲ ಕರಗಿ ಬರೀ ಅಂಕಿಯಾಗಿ ಕಾಗದದ ಟೇಪಿನ ಮೇಲೆ ತೂತುಗಳಾಗುತ್ತವೆ. ಯಂತ್ರ ಓಡುವಾಗ ತಿಳಿದುಕೊಳ್ಳುವುದು ಏನೂ ಉಳಿದಿರುವುದಿಲ್ಲ, ಮಾಡುವುದಷ್ಟೇ. ಈ ಉತ್ತರವನ್ನು ಬರೆಯಲು ಅವನಿಗೆ ಎಪ್ಪತ್ತನಾಲ್ಕರ ರೈಲು ಮುಷ್ಕರ ಶುರುವಾಗುವುದಕ್ಕೆ ಮೊದಲಿನಿಂದ ಮಳೆಗಾಲ ಮುಗಿಯುವವರೆಗೆ ಹಿಡಿಯಿತು. ಆದರೂ ಬಾಟ್ಲಿ ತುಳುಕುತ್ತಲೇ ಇತ್ತು, ಬಹಳ ಅಲ್ಲ, ಒಂದು ಸಿಪ್ಪಿನಷ್ಟು. ಕಾರಣ ಹುಡುಕಿದರೆ ಅಕ್ಬರ್ಬಿ. ಆ ಪದದ ಸಲುವಾಗಿ ಪ್ರತಿ ಕೆಲಸದ ನಡುವೆ ಕಂಪ್ಯೂಟರು ‘ಕೆಂಪು ಗುಂಡಿ ಒತ್ತಿದ್ದಾರೆಯೇ?’ ಎಂದು ಕೇಳಬೇಕಿತ್ತು. ಗುಂಡಿಯ ತಂತಿ ಹೋದದ್ದು ಹಳೆಯ, ನಿಧಾನದ ರಿಲೇ ಕಾರ್ಡಿಗೆ. ಅದು ಟಪ್ ಎಂದು ‘ಇಲ್ಲ’ ಅನ್ನುವಷ್ಟರಲ್ಲಿ ಸಿಪ್ಪು ಚೆಲ್ಲಿರುತ್ತಿತ್ತು. ಬಾಷಾ ಆ ಪ್ರಶ್ನೆಯನ್ನೇ ತೆಗೆದುಹಾಕಿದ. ಉದ್ಘಾಟನೆಯೊಂದು ಮುಗಿಯಲಿ, ಆಮೇಲೆ ಹಾಕಿದರಾಯಿತು ಎಂದುಕೊಂಡ. ಬಾಟ್ಲಿಗಳು ಕುತ್ತಿಗೆಗೆ ಸರಿಯಾಗಿ ತುಂಬಿ, ಶಾಲೆಯ ಹುಡುಗಿಯರ ಹಾಗೆ ಸಾಲಾಗಿ ಹೋದವು. ದಾನಪ್ಪ ಮೊದಲ ಸಲ ಅವನ ಬೆನ್ನು ತಟ್ಟಿದ. ಬೆನ್ನಿನ ಆ ಜಾಗ ಇನ್ನೂ ಬಿಸಿಯಾಗಿದೆ ಎಂದು ಬಾಷಾನಿಗೆ ಅನ್ನಿಸುತ್ತಿತ್ತು.

ದಾದರಿನ ಸೇತುವೆ ದಾಟಿ ಮಾಲಾಡಿನ ಲೋಕಲ್ ಹಿಡಿಯುವಾಗ ಅಕ್ಬರಬಿ, ಗೌಹರ ಇಬ್ಬರೂ ಹೆಂಗಸರ ಡಬ್ಬಿಗೆ ಹೋದರು. ಬಾಷಾ ಯಾರದೋ ಕಂಕುಳ ಕೆಳಗೆ ಜಾಗ ಹಿಡಿದು, ಇವತ್ತು ಹೋದ ಕೂಡಲೇ ದಾನಪ್ಪನಿಗೆ ಎಲ್ಲ ಹೇಳಿಬಿಡುವುದು ಎಂದು ನಿರ್ಧರಿಸಿದ. ಬಾಂದ್ರಾದಲ್ಲಿ ನಿರ್ಧಾರ ಗಟ್ಟಿಯಿತ್ತು. ಅಂಧೇರಿಯಲ್ಲಿ, ಹೋದ ಕೂಡಲೇ ಬೇಡ, ಚಹಾ ಆದಮೇಲೆ ಹೇಳೋಣ ಅನ್ನಿಸಿತು. ಗೋರೆಗಾಂವಿನಲ್ಲಿ, ಅಷ್ಟಕ್ಕೂ ಉದ್ಘಾಟನೆಯ ದಿನ ಆ ಗುಂಡಿಯನ್ನು ಒತ್ತುವವರು ಯಾರು, ಮದುವೆ ಮನೆಯಲ್ಲಿ ಅಗ್ನಿಶಾಮಕದವರ ನಂಬರು ಯಾರಾದರೂ ಕೇಳುತ್ತಾರೆಯೇ, ಎಂದು ಮನಸ್ಸು ತಾನಾಗಿಯೇ ವಕೀಲಿಕೆ ಶುರುಮಾಡಿತ್ತು. ಮಾಲಾಡಿನಲ್ಲಿ ಇಳಿದಾಗ ಹೆಂಗಸರ ಡಬ್ಬಿಯಿಂದ ಅಕ್ಬರಬಿ ಹೊಸ ಗೆಳತಿಯೊಬ್ಬಳಿಗೆ ಕೈಬೀಸುತ್ತ ಇಳಿದಳು. ‘ನನ್ನ ಅಳಿಯಾ ಮಶೀನಿಗೆ ಮಾತ ಕಲಸ್ಯಾನ ಅಂತ ಹೇಳಿದೆ. ಆಕಿ ನಂಬಲೇ ಇಲ್ಲ. ಮನಿಷಾರ ಜೋಡಿ ಮಾತಾಡಾಕ ಬರೂದಿಲ್ಲ, ಅದಕ್ಕ ಮಶೀನ ಹುಡಕ್ಯಾನ ಅಂದ ಮ್ಯಾಲ ನಂಬಿದಳು,’ ಎಂದಳು. ಗೌಹರ ಬುರಖಾದ ಅಂಚನ್ನು ಬಾಯಿಗೆ ಒತ್ತಿಕೊಂಡಳು.

ಕಾರಖಾನೆಯ ಬಾಗಿಲಿಗೆ ಮಾವಿನೆಲೆ ಕಟ್ಟಿತ್ತು. ಯಂತ್ರಕ್ಕೆ ಚೆಂಡುಹೂವಿನ ಹಾರ. ದಾನಪ್ಪ ಟೈ ಕಟ್ಟಿಕೊಂಡು, ಅದು ತನ್ನನ್ನು ನೇಣಿಗೆ ಹಾಕುತ್ತಿದೆಯೋ ಎಂಬಂತೆ ಗದ್ದ ಮೇಲೆತ್ತಿ ನಿಂತಿದ್ದ. ಧಾರವಾಡದ ಕಡೆಯ ಮನುಷ್ಯ, ಹೊಟ್ಟೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ‘ಬರ್ರಿ ಅಮ್ಮಾರ, ಬರ್ರಿ, ಮುಂದಿನ ಖುರ್ಚಿಗೆ ಕೂಡ್ರಿ,’ ಎಂದು ಅಕ್ಬರಬಿಯನ್ನು ಸಾಕ್ಷಾತ್ ತನ್ನ ಬೀಗಿತಿಯೇ ಬಂದಂತೆ ಕರೆದುಕೊಂಡು ಹೋಗಿ ಕೂರಿಸಿದ. ಬಾಷಾ ಹಿಂದಿನಿಂದ ಹೋಗಿ, ‘ಸಾಹೇಬ್ರ, ಒಂದ ಮಾತಿತ್ತು,’ ಎಂದ.

‘ಮಾತು ಆಮ್ಯಾಲ. ಸೇಠ ಬಂದಾನ.’

‘ಗುಂಡೀದು ಸಾಹೇಬ್ರ...’

‘ಗುಂಡಿ ಹಾಕ್ಕೊಂಡೇನಲ್ಲೋ,’ ಎಂದು ದಾನಪ್ಪ ತನ್ನ ಕೋಟು ಮುಟ್ಟಿ ನೋಡಿಕೊಂಡು ಸೇಠನ ಕಡೆಗೆ ಓಡಿದ. ಅಲ್ಲಿಗೆ ಬಾಷಾನ ಪ್ರಾಮಾಣಿಕತೆ ತನ್ನ ಕರ್ತವ್ಯ ಮುಗಿಸಿತು. ನಾನು ಹೇಳಲು ಹೋಗಿದ್ದೆ, ಅವರೇ ಕೇಳಲಿಲ್ಲ ಎಂದು ಮುಂದೆ ಹೇಳಬಹುದು. ಇಷ್ಟು ಸಣ್ಣ ಮಾತಿನಿಂದ ತನಗೆ ಇಷ್ಟು ದೊಡ್ಡ ಸಮಾಧಾನ ಆಗಬಾರದಿತ್ತು ಅನ್ನಿಸಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ತೆಂಗಿನಕಾಯಿ ಒಡೆದರು. ಬಾಷಾ ಟೇಪನ್ನು ಓದುವ ಪೆಟ್ಟಿಗೆಗೆ ಸಿಕ್ಕಿಸಿದ, ಅದು ಕಟಕಟಕಟ ಎಂದು ಓದಿ ಮುಗಿಸಿತು, ಬೆಲ್ಟು ಹೊರಟಿತು. ಫಿಟ್ಟರ್ ಗದಿಗೆಪ್ಪ ಒಂದು ತುದಿಯಲ್ಲಿ ಖಾಲಿ ಬಾಟ್ಲಿ ಇಡುತ್ತಿದ್ದ. ಅವು ನಳಿಗೆಯ ಕೆಳಗೆ ಬಂದು, ಒಂದು ಗುಟುಕು ಕುಡಿದ ಹಾಗೆ ಗಕ್ಕೆಂದು ತುಂಬಿ, ಒಂದು ಹನಿಯೂ ಹೊರಗೆ ಬೀಳದೆ ಸಾಗಿದವು. ಸಾಲು ಸಾಲು ಕೆಂಪು. ಬಾಷಾನಿಗೆ ಸುತ್ತಲಿನದೆಲ್ಲ ಮರೆತುಹೋಯಿತು. ಇದು ನಾನು ಹೇಳಿದ ಮಾತು, ಕೇಳುತ್ತಿದೆ. ಹುಟ್ಟಿದಾಗಿನಿಂದ ಯಾರೂ ನನ್ನ ಮಾತನ್ನು ಇಷ್ಟು ಬೇಗ ಕೇಳಿರಲಿಲ್ಲ. ಕಣ್ಣು ಮಂಜಾಗಿ ಅವನು ಗೌಹರಳ ಕಡೆ ನೋಡಿದ. ಅವಳು ಶರಬತ್ತಿನ ಕಡೆ ನೋಡುತ್ತಿದ್ದಳು.

‘ಏ ಕಂಪ್ಯೂಟರ್ ಕೋ ಕ್ಯಾ ಬೋಲ್ತಾ ಹೈ ಬಾಷಾಭಾಯ್?’ ಎಂದು ಸೇಠ ಕೇಳಿದ. ದಾನಪ್ಪ ಎದೆಯುಬ್ಬಿಸಿದ. ‘ಹೇಳು ಬಾಷಾ, ನಿನ್ನ ಪದಾ ಹೇಳು. ನಮ್ಮ ಕನ್ನಡ ಮಾತಿನ್ಯಾಗ ಮಶೀನ ಓಡತೈತಿ ಅಂತ ಗೊತ್ತಾಗ್ಲಿ.’ ಬಾಷಾ ಮಗ್ಗಿ ಒಪ್ಪಿಸುವವನ ಹಾಗೆ ಕೈಕಟ್ಟಿ ನೋಡು, ಬಿಡು, ಮುಚ್ಚು, ತಡಿ ಎಂದು ಒಂದೊಂದಾಗಿ ಹೇಳಿ, ಅರ್ಥವನ್ನು ಹಿಂದಿಯಲ್ಲಿ ಬಿಡಿಸಿ, ಕೊನೆಯ ಪದದ ಹತ್ತಿರ ಬಂದು ಕೆಮ್ಮಿದ. ‘ಇಷ್ಟ ಸಾಹೇಬ್ರ,’ ಎಂದ.

‘ಇಷ್ಟ ಎಲ್ಲಿ? ಮುಖ್ಯ ಪದಾನ ಬಿಟ್ಟೀ!’ ದಾನಪ್ಪನ ದನಿ ಕಾರಖಾನೆಯ ತಗಡಿನ ಮಾಡಿಗೆ ಬಡಿಯಿತು. ‘ಅಕ್ಬರ್ಬಿ!’

‘ಹಾಂ, ಏನ್ರೀ? ನನ್ನ ಕರದ್ರ್ಯಾ?’ ಎಂದು ಮುಂದಿನ ಖುರ್ಚಿಯಿಂದ ಅಕ್ಬರಬಿ ಎದ್ದು ನಿಂತಳು.

ಬಾಷಾನ ಕಿವಿಗಳು ಬೆಂಕಿಗೆ ಹಿಡಿದ ಹಪ್ಪಳದಂತಾದವು. ದಾನಪ್ಪ ಅವಳನ್ನು ನೋಡಿದ, ಬಾಷಾನನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ‘ಅಮ್ಮಾರ, ನಿಮ್ಮ ಹೆಸರು...’ ಎಂದು ಶುರುಮಾಡಿ ನಿಲ್ಲಿಸಿದ. ಅರಬ್ಬೀ ಭಾಷೆಯ ಮೇಲೆ ಅವನಿಗಿದ್ದ ಗೌರವ ಮುಖದಿಂದ ಇಳಿದು ಹೋಗುವುದು ಬಾಷಾನಿಗೆ ಸ್ಪಷ್ಟವಾಗಿ ಕಂಡಿತು. ಸೇಠನಿಗೆ ಎಲ್ಲರಿಗಿಂತ ಮೊದಲು ವಿಷಯ ತಿಳಿಯಿತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಮೂಗು ಒರೆಸಿಕೊಂಡು, ಹಾಗಾದರೆ ಗುಂಡಿಯ ಪರೀಕ್ಷೆ ಮಾಂಜಿಯ ಕೈಯಿಂದಲೇ ಆಗಬೇಕು ಎಂದ. ಅಕ್ಬರಬಿಗೆ ಹೆಸರಿನ ಸಮಾಚಾರ ಪೂರ್ತಿ ತಿಳಿಯಲಿಲ್ಲ. ತನ್ನ ಕೈಯಿಂದ ಏನೋ ಮಂಗಳಕಾರ್ಯ ಆಗಬೇಕಿದೆ ಎಂಬುದು ತಿಳಿಯಿತು. ಬುರಖಾದ ಮುಸುಕನ್ನು ಹಿಂದಕ್ಕೆ ಹಾಕಿಕೊಂಡು ಯಂತ್ರದ ಕಡೆ ನಡೆದಳು. ನೋಟ ಇನ್ನಷ್ಟು ಚಂದವಾಗಲೆಂದು ದಾನಪ್ಪ ಗದಿಗೆಪ್ಪನಿಗೆ ಬೆಲ್ಟಿನ ಮೇಲೆ ಒಂದು ಬಾಟ್ಲಿಯನ್ನು ಅಡ್ಡ ಮಲಗಿಸಲು ಸನ್ನೆ ಮಾಡಿದ. ಈಗ ಹೇಳು, ಈಗ, ಎಂದು ಬಾಷಾನ ಒಳಗೆ ಯಾರೋ ಗುದ್ದುತ್ತಿದ್ದರು. ಬಾಯಿ ತೆರೆದ. ಖಾಲಾ, ಒತ್ತಬ್ಯಾಡ್ರಿ ಎನ್ನಬೇಕೇ, ಸಾಹೇಬ್ರ ಎಂದು ಶುರುಮಾಡಬೇಕೇ, ಸೇಠನಿಗೆ ಹಿಂದಿಯಲ್ಲೇ ಹೇಳಬೇಕೇ ಎಂದು ನೋಡುವಷ್ಟರಲ್ಲಿ ಅಕ್ಬರಬಿ ಬಿಸ್ಮಿಲ್ಲಾ ಎಂದು ಗುಂಡಿಯನ್ನೊತ್ತಿದಳು.

ಏನೂ ಆಗಲಿಲ್ಲ. ಅವಳು ಎರಡೂ ಹೆಬ್ಬೆರಳು ಸೇರಿಸಿ, ಕಣಕ ನಾದುವ ಹಾಗೆ ಮೈಭಾರ ಹಾಕಿ ಒತ್ತಿದಳು. ಮಲಗಿದ ಬಾಟ್ಲಿ ನಳಿಗೆಯ ಕೆಳಗೆ ಸಿಕ್ಕಿಕೊಂಡಿತು. ಹಿಂದಿನದು ಅದಕ್ಕೆ ಡಿಕ್ಕಿ ಹೊಡೆಯಿತು. ಅದರ ಹಿಂದಿನದು ಗಿರಕಿ ಹೊಡೆದು ಕೆಳಗೆ ಹಾರಿತು. ಶರಬತ್ತು ಯಾವ ಬಾಟ್ಲಿಯೂ ಇಲ್ಲದ ಕಡೆ ಧಾರಾಳವಾಗಿ ಸುರಿಯತೊಡಗಿತು. ಸೇಠ ಧೋತರ ಎತ್ತಿಕೊಂಡು ಹಿಂದೆ ಸರಿದ. ಗದಿಗೆಪ್ಪ ಬಾಗಿ ಬಾಟ್ಲಿಗಳನ್ನು ಎಳೆಯಲು ಕೈಹಾಕಿದ. ಅವನ ಅಂಗಿಯ ತೋಳು ಬೆಲ್ಟಿನ ಚೈನಿಗೆ ಸಿಕ್ಕಿತು. ಅದನ್ನು ಮೊದಲು ಕಂಡವಳು ಅಕ್ಬರಬಿ.

‘ಬಸ್!’

ಎಲ್ಲರೂ ನಿಂತರು. ಗೋಡೆಯ ಮೇನ್ ಸ್ವಿಚ್ಚಿಗೆ ಕೈ ಚಾಚಿದ್ದ ದಾನಪ್ಪ ಕೈಯನ್ನು ಗಾಳಿಯಲ್ಲೇ ಇಟ್ಟು ನಿಂತ. ಓಡಿ ಬರುತ್ತಿದ್ದ ಕೆಲಸಗಾರರು ಒಂದು ಕಾಲೆತ್ತಿಕೊಂಡು ನಿಂತರು. ಸೇಠ ಧೋತರ ಹಿಡಿದಂತೆಯೇ ನಿಂತ. ಬಾಷಾ ಬಾಯಿ ತೆರೆದಂತೆಯೇ ನಿಂತ. ಯಂತ್ರವೊಂದೇ ನಿಲ್ಲಲಿಲ್ಲ, ಗದಿಗೆಪ್ಪನ ಅಂಗಿಯ ತೋಳನ್ನು ಮೊಣಕೈಯವರೆಗೆ ಅಗಿದು, ಅವನನ್ನು ಗೇಣು ಗೇಣಾಗಿ ತನ್ನ ಕಡೆಗೆ ಕರೆದುಕೊಳ್ಳುತ್ತಿತ್ತು. ಆಗ ಆ ಕೂಗಿನಲ್ಲೇ ಹುಟ್ಟಿ ಆ ಕೂಗಿನಲ್ಲೇ ಬೆಳೆದ ಗೌಹರ ಎಲ್ಲರಿಗಿಂತ ಮೊದಲು ಚೇತರಿಸಿಕೊಂಡು ಖುರ್ಚಿಯಿಂದ ಎದ್ದು, ಬುರಖಾದ ಅಂಚನ್ನು ಎರಡು ಬೆರಳಲ್ಲಿ ಎತ್ತಿಕೊಂಡು, ಶರಬತ್ತಿನ ಕೆರೆಯಲ್ಲಿ ಪಚಪಚ ನಡೆದು ಹೋಗಿ, ದಾನಪ್ಪನ ಚಾಚಿದ ಕೈಯ ಕೆಳಗಿನಿಂದ ಸ್ವಿಚ್ಚಿನ ಹಿಡಿಯನ್ನು ಕೆಳಕ್ಕೆ ಎಳೆದಳು. ಗದಿಗೆಪ್ಪನ ಅಂಗಿಯ ತೋಳು ಹರಿದು ಅವನು ಹಿಂದಕ್ಕೆ ಬಿದ್ದ. ಮೊಣಕೈ ತರಚಿತ್ತು, ಅಷ್ಟೆ. ಅದರ ಮೇಲೆ ಹರಿಯುತ್ತಿದ್ದುದು ರಕ್ತವೋ ಶರಬತ್ತೋ ಎಂದು ಅವನು ನೆಕ್ಕಿ ನೋಡಿ ಖಾತ್ರಿ ಮಾಡಿಕೊಂಡ. ‘ಸಿಹಿ ಐತ್ರಿ,’ ಎಂದ.

‘ಗುಂಡಿ ಯಾಕ ನಡೀಲಿಲ್ಲ?’ ದಾನಪ್ಪ ಈ ಪ್ರಶ್ನೆಯನ್ನು ಎಂದೂ ಇಲ್ಲದಷ್ಟು ಸಣ್ಣ ದನಿಯಲ್ಲಿ ಕೇಳಿದ.

‘ನಾ ತಗದೇನ್ರಿ. ಆ ಗುಂಡೀನ ಕೇಳಕೋತ ಕೂತ್ರ ವಾಲ್ವ್ ಮುಚ್ಚೂದು ತಡಾ ಆಕ್ಕಿತ್ತು. ಅದಕ್ಕ ಕೇಳೂದ ಬಿಡಿಸೇನಿ.’ ಹೇಳುವಾಗ ಬಾಷಾ ಗದಿಗೆಪ್ಪನ ಬರಿದಾದ ತೋಳನ್ನೇ ನೋಡುತ್ತಿದ್ದ. ಬೈಯಲಿ, ಹೊಡೆಯಲಿ, ಯಾರಾದರೂ ಏನಾದರೂ ಮಾಡಲಿ ಎಂದು ಕಾದ. ಆದರೆ ಸೇಠ ತುಂಬಿದ ಬಾಟ್ಲಿಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ‘ಭರ್ತಾ ತೋ ಏಕದಮ್ ಬರಾಬರ್ ಹೈ,’ ಎಂದ. ‘ಐಸಾಚ್ ಚಲಾವ್. ಬಟನ್ ಕಾ ಕ್ಯಾ ಹೈ, ದಿಖಾನೇ ಕೋ ರಹನೇ ದೋ.’ ತುಂಬುವುದು ಸರಿಯಿದೆ, ಹೀಗೇ ನಡೆಯಲಿ, ಗುಂಡಿ ತೋರಿಕೆಗಿದ್ದರೆ ಸಾಕು ಎಂಬ ಧಾಟಿ. ದಾನಪ್ಪ ಅಂಟಿದ ಬೂಟನ್ನು ನೆಲದಿಂದ ಕಿತ್ತು, ಮತ್ತೆ ಊರಿ, ಅದನ್ನೇ ನೋಡುತ್ತ, ‘ಸೋಮವಾರ ಹಿಂಗ ಚಾಲೂ ಮಾಡಿಬಿಡೂಣು ಬಾಷಾ, ಗುಂಡೀದು ಆಮ್ಯಾಲ ಸಾವಕಾಶ ನೋಡಿದ್ರಾತು,’ ಎಂದ. ಇದು ತನ್ನದೇ ಮಾತು. ಉದ್ಘಾಟನೆಯೊಂದು ಮುಗಿಯಲಿ, ಆಮೇಲೆ. ತಾನು ಹೇಳಿಕೊಂಡಾಗ ಎಷ್ಟು ಸಭ್ಯವಾಗಿ ಕೇಳಿಸಿತ್ತು! ಅದನ್ನೇ ಇನ್ನೊಬ್ಬರ ಬಾಯಲ್ಲಿ ಕೇಳಿ ಬಾಷಾ ಟೇಪಿನ ಪೆಟ್ಟಿಗೆಯ ಕಡೆ ಹೊರಟ.

‘ಇಲ್ರಿ,’ ಎಂದ. ಪೆಟ್ಟಿಗೆಯಿಂದ ಟೇಪನ್ನು ಎಳೆದುಕೊಂಡ. ಸ್ವಿಚ್ಚು ಎಳೆದಾಗ ಯಂತ್ರದ ನೆನಪೆಲ್ಲ ಕಲಸಿಹೋಗಿತ್ತು. ಉಳಿದದ್ದು ಈ ಟೇಪೊಂದೇ. ಎಲ್ಲರೆದುರು ಅದನ್ನು ಪರ್ರನೆ ಹರಿದು ಬಿಸಾಕುವುದೆಂದು ಎರಡೂ ಕೈಯಲ್ಲಿ ಹಿಡಿದು ಎಳೆದ. ಟೇಪು ಹರಿಯಲಿಲ್ಲ. ಎಣ್ಣೆ ಹಚ್ಚಿದ ಗಟ್ಟಿ ಕಾಗದ. ಮೊಣಕಾಲಿಗೆ ಒತ್ತಿ ಎಳೆದ, ಅದು ಬೆರಳನ್ನು ಕೊಯ್ದಿತು. ಹಲ್ಲಿನಿಂದ ಕಚ್ಚಿದ, ಬಾಯಿಗೆ ಮಶೀನಿನ ಎಣ್ಣೆಯ ರುಚಿ ಬಂತು. ಜೀವಮಾನದಲ್ಲಿ ಒಮ್ಮೆ ಸರಿಯಾದ ಹೊತ್ತಿಗೆ ಸರಿಯಾದ ಮಾತು ಬಂದಿದೆ, ಈಗ ಕಾಗದ ಹರಿಯುತ್ತಿಲ್ಲ. ನಾಯಿ ಚಪ್ಪಲಿ ಎಳೆದಾಡುವುದನ್ನು ನೋಡುವ ಹಾಗೆ ಎಲ್ಲರೂ ನೋಡುತ್ತಿದ್ದರು. ಅಕ್ಬರಬಿ ಮುಂದೆ ಬಂದಳು. ಸೊಂಟದ ಎಲೆಯಡಿಕೆ ಚೀಲಕ್ಕೆ ಕೈಹಾಕಿ, ಅಡಕತ್ತರಿ ತೆಗೆದು ಅವನ ಕೈಗಿಟ್ಟಳು.

ಕತ್ತರಿಸಿದ ಟೇಪಿನ ಚೂರುಗಳು ಶರಬತ್ತಿನಲ್ಲಿ ತೇಲುವುದನ್ನು ನೋಡಿ ದಾನಪ್ಪನ ದನಿ ತನ್ನ ಗಾತ್ರಕ್ಕೆ ಮರಳಿತು. ‘ಹ್ವಾದಿ! ಇವತ್ತಿಗೆ ನಿನ್ನ ನೌಕರಿ ಹೋತು ಅಂತ ತಿಳಕೋ! ಮಾರಿ ತೋರಿಸಬ್ಯಾಡ!’ ಆಮೇಲೆ ಏನೋ ನೆನಪಾಗಿ ಉಗುಳು ನುಂಗಿದ. ಟೇಪು ಮತ್ತೆ ಹೊಡೆಯಬೇಕಾದರೆ ಆ ಕಂಪೈಲರ್ ನಡೆಸಬೇಕು; ಅದು ಬರುವುದು ಮುಂಬಯಿಯಲ್ಲಿ ಒಬ್ಬನಿಗೆ. ‘ಸೋಮವಾರ ಎಷ್ಟಕ್ಕ ಬರ್ತಿ?’ ಎಂದು ಕೇಳಿದ.

ಮರಳುವ ಲೋಕಲ್ಲಿನಲ್ಲಿ ಬಾಷಾನ ಮೈಯ ಶರಬತ್ತಿಗೆ ಅಂಟಿಕೊಂಡವರು ಅಂಟಿಕೊಂಡೇ ಉಳಿದರು. ಯಾರೋ ಅವನ ತೋಳಿನಿಂದ ತಮ್ಮ ಪೇಪರನ್ನು ಬಿಡಿಸಿಕೊಂಡು ಕೆಕ್ಕರಿಸಿದರು. ಅವನಿಗೆ ಅದು ಕಾಣಲಿಲ್ಲ, ತಲೆಯಲ್ಲಿ ಬೇರೇನೋ ಹೊಳೆಯುತ್ತಿತ್ತು. ಮನೆಯಲ್ಲಿ ಯಾರೂ ಕ್ಷಣಕ್ಷಣಕ್ಕೂ ಒಳಗೆ ಇಣುಕಿ, ಖಾಲಾ ಈಗ ಕೂಗುತ್ತೀರಾ, ಈಗ ಕೂಗುತ್ತೀರಾ ಎಂದು ಕೇಳುವುದಿಲ್ಲ. ಅವರವರ ಕೆಲಸ ಅವರವರು ಮಾಡಿಕೊಂಡಿರುತ್ತಾರೆ. ಅವಳೇ ಕೂಗುತ್ತಾಳೆ, ಆಗ ನಿಲ್ಲುತ್ತಾರೆ. ಕಂಪ್ಯೂಟರಿಗೂ ಅಂಥದೊಂದು ತಂತಿ ಇತ್ತು. ಅದನ್ನು ತಟ್ಟಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗಿ ನೋಡುತ್ತಿತ್ತು. ಇಂಟರಪ್ಟ್ ಎಂದು ಅದರ ಹೆಸರು. ಟೈಪ್ ಮಾಡುವ ಯಂತ್ರಕ್ಕೆಂದು ಅದನ್ನು ಬಿಟ್ಟುಕೊಟ್ಟಿದ್ದರು. ತನಗೆ ಗೊತ್ತಿಲ್ಲದ್ದೇನಲ್ಲ. ಆದರೆ ತನ್ನ ಭಾಷೆಯಲ್ಲಿ ಎಲ್ಲ ಪದಕ್ಕೂ ಸಾಲಿನಲ್ಲಿ ಒಂದು ಜಾಗ ಇರಲೇಬೇಕು, ಇದಾದ ಮೇಲೆ ಅದು. ಯಾವ ಜಾಗದಲ್ಲೂ ಇಲ್ಲದೆ ಎಲ್ಲ ಜಾಗದಲ್ಲೂ ಇರುವ ಪದವನ್ನು ಕಂಪೈಲ್ ಮಾಡುವುದು ಹೇಗೆಂದು ತಿಳಿಯದೆ, ಸಾಲಿನಲ್ಲಿ ನಿಂತು ಸಾಲಿನಲ್ಲೇ ಯೋಚಿಸಿದ್ದ. ದಾದರ್ ಬಂದದ್ದೂ ಹೋದದ್ದೂ ಅವನಿಗೆ ತಿಳಿಯಲಿಲ್ಲ.

ಮನೆಯಲ್ಲಿ ಮಾತ್ರ ಎಲ್ಲ ಕೆಟ್ಟಿತ್ತು. ಅಕ್ಬರಬಿ ಬೈಯಲಿಲ್ಲ. ಹೆಸರು ಯಾಕಿಟ್ಟೆ ಎಂದು ಕೇಳಲಿಲ್ಲ. ಕೂಗುವುದನ್ನೇ ಬಿಟ್ಟಳು. ಹಾಲು ಉಕ್ಕಿದರೆ, ‘ಹಾಲ ಉಕ್ಕಾಕತ್ತೈತವ್ವಾ,’ ಎಂದು ಮೆಲ್ಲಗೆ ಹೇಳುವಳು. ಅದು ಗೌಹರಳ ಕಿವಿ ಮುಟ್ಟುವಾಗ ಸ್ಟೋವು ಆರಿರುತ್ತಿತ್ತು. ಇಂದ್ರಾಬಾಯಿಯ ಜಗಳಗಳು ತಡೆಯುವವರಿಲ್ಲದೆ ಪೂರ್ತಿಯಾಗತೊಡಗಿದವು. ಒಬ್ಬ ಮುದುಕಿಯ ದನಿಯನ್ನು ಕಿತ್ತುಕೊಂಡು ಯಂತ್ರಕ್ಕೆ ಹಾಕಿದೆನಲ್ಲ ಎಂದು ಬಾಷಾ ಉಣ್ಣುವಾಗ ತಲೆಯೆತ್ತದಾದ. ಕೊನೆಗೆ ಗೌಹರಳೇ ಹೇಳಿದಳು: ‘ಹೆಸರಿಟ್ಟಿದ್ದಕ್ಕ ಅಲ್ರಿ ಅಮ್ಮಾಗ ಸಿಟ್ಟು. ಅಷ್ಟ ಮಂದಿ ನಿಂತರು, ಆ ಮೂಕ ಮಶೀನ ನಿಲ್ಲಲಿಲ್ಲ. ಅದನ್ನ ಮನಸಿಗೆ ಹಚಗೊಂಡಾಳ.’

ಅದಕ್ಕೇ ಗುಂಡಿಯನ್ನು ಆ ಇಂಟರಪ್ಟ್ ತಂತಿಗೆ ಕಟ್ಟಿ ಹೊಸ ಟೇಪು ಸಿದ್ಧವಾದಾಗ ಅವನು ಮೊದಲು ಹೇಳಿದ್ದು ದಾನಪ್ಪನಿಗಲ್ಲ, ಖಾಲಾನಿಗೆ. ಬರುವುದಿಲ್ಲ ಎಂದಳು. ಎರಡು ಸಲ ಎಂದಳು. ಮೂರನೆಯ ಸಲಕ್ಕೆ ಅತ್ತರು ಹಚ್ಚಿಕೊಂಡಳು. ಮಾಲಾಡಿನಲ್ಲಿ ಈ ಸಲ ಮಾವಿನೆಲೆಯಿಲ್ಲ, ಸೇಠನಿಲ್ಲ. ಟೈ ಇಲ್ಲದ ದಾನಪ್ಪ, ಹೊಸ ಅಂಗಿಯ ಗದಿಗೆಪ್ಪ, ಅಷ್ಟೆ. ಬಾಟ್ಲಿಗಳು ಹೊರಟವು, ಕುತ್ತಿಗೆಗೆ ಸರಿಯಾಗಿ ತುಂಬಿ ಸಾಗಿದವು. ಅಕ್ಬರಬಿ ಯಂತ್ರವನ್ನು ಹಳೆಯ ವೈರಿಯ ಹಾಗೆ ಮೇಲಿಂದ ಕೆಳಗೆ ನೋಡಿ, ಒಂದೇ ಬೆರಳಿನಿಂದ ಗುಂಡಿ ಮುಟ್ಟಿದಳು. ಬೆಲ್ಟು ನಿಂತಿತು. ನಳಿಗೆಯ ತುದಿಯಲ್ಲಿ ಒಂದು ಹನಿ ಬೀಳಲೋ ಬೇಡವೋ ಎಂದು ತೂಗಿ, ಬೀಳದೆ ನಿಂತಿತು. ಅರ್ಧ ತುಂಬಿದ ಬಾಟ್ಲಿ ಅರ್ಧಕ್ಕೇ ನಿಂತಿತು. ಗದಿಗೆಪ್ಪ ತನ್ನ ತೋಳನ್ನೊಮ್ಮೆ ಸವರಿಕೊಂಡ.

‘ಹಾಂ,’ ಎಂದಳು ಅಕ್ಬರಬಿ, ವಾರಗಳ ನಂತರ ತನ್ನ ಸ್ವಂತ ದನಿಯಲ್ಲಿ. ‘ಇನ್ನ ಚಾಲೂ ಮಾಡು.’

ಬಾಷಾ ತಲೆ ಕೆರೆದುಕೊಂಡ. ಎಲ್ಲಿ ನಿಂತಿತ್ತೋ ಅದನ್ನು ನೆನಪಿಟ್ಟುಕೊಂಡು ಅಲ್ಲಿಂದ ಮುಂದುವರಿಸುವ ಪದ ಭಾಷೆಯಲ್ಲಿ ಇರಲಿಲ್ಲ. ‘ಅದು ಬರೂದಿಲ್ಲ ಖಾಲಾ. ಬಾಟ್ಲಿ ಎಲ್ಲಾ ತಗದು, ಟೇಪ ಮೊದಲಿಂದ ಹಾಕಬೇಕು.’

‘ಹಂಗಂದ್ರ? ನಾ ಬಸ್ ಅಂದ ಮ್ಯಾಲ ಮನ್ಯಾಗ ನೀವು ಸಾಯೂತನಕ ಹಂಗ ನಿಂತಿರ್ತೀರೇನು? ನಿಮ್ಮನ್ನ ಮತ್ತ ಚಾಲೂ ಮಾಡಾವ್ರು ಯಾರು?’

ಬಾಷಾ ನಿಜವಾಗಿಯೂ ಯೋಚಿಸಿದ. ಆ ಕೂಸು ಸ್ಟೋವಿನ ಹತ್ತಿರ ನಿಂತ ಬೆಳಿಗ್ಗೆ, ಸೌಟು, ರೊಟ್ಟಿ, ಇಂದ್ರಾಬಾಯಿ. ಎಲ್ಲ ನಿಂತಿತ್ತು, ಆಮೇಲೆ ಎಲ್ಲ ನಡೆಯುತ್ತಿತ್ತು. ನಡುವೆ ಏನಾಯಿತು? ಗೌಹರ ಕೂಸನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು, ಏನೂ ಆಗಿಲ್ಲವೆಂಬ ದನಿಯಲ್ಲಿ, ‘ಚಾ ಆಗೇದ, ತಗೋರಿ,’ ಎಂದಿದ್ದಳು. ಆವತ್ತೊಂದೇ ಅಲ್ಲ. ಪ್ರತಿ ಸಲವೂ. ಅವನು ತಿರುಗಿ ಹೆಂಡತಿಯನ್ನು ನೋಡಿದ. ಅವಳು ಆ ನೋಟದ ಅರ್ಥ ತಿಳಿದು ಹೌಹಾರಿದಳು.

‘ನನ್ನ ಹೆಸರ ಇಡಬ್ಯಾಡ್ರಿ ಮತ್ತ! ಯಾರರೆ ಕೂಗಿದ್ರ ನಾ ಇಲ್ಲೀತನಕ ಓಡಿ ಬರಾಕಾಗೂದಿಲ್ಲ.’

‘ಮತ್ತ ಆ ಪದಕ್ಕ ಏನಂತ ಇಡ್ತೀಯೋ ಮಾರಾಯಾ?’ ದಾನಪ್ಪ ಬೇಸತ್ತು ಕೇಳಿದ.

‘ಚಾ,’ ಎಂದ ಬಾಷಾ.

‘ಇದೊಂದ ಶ್ಯಾಣ್ಯಾ ಮಾತಾಡಿದಿ,’ ಎಂದು ದಾನಪ್ಪ ಗದಿಗೆಪ್ಪನನ್ನು ಕರೆದು ಎಲ್ಲರಿಗೂ ಒಂದೊಂದು ಕಪ್ ತರಲು ಕಳಿಸಿದ. ಅಕ್ಬರಬಿ ಸ್ಟೂಲ್ ಎಳೆದುಕೊಂಡು, ತಾನು ನಿಲ್ಲಿಸಿದ ಬಾಟ್ಲಿಗಳ ಎದುರಿಗೆ ಕೂತಳು. ಬಾಷಾ ಯಾರನ್ನೂ ತಿದ್ದಲು ಹೋಗದೆ ಟೇಪನ್ನು ಮೊದಲಿನಿಂದ ಸುತ್ತತೊಡಗಿದ.